ಎರಡು ಚಮಚ ಸಕ್ಕರೆ

ಗ್ರಿಸೆಲ್ದಾ ಸೋರೆಬುರುಡೆಯಲ್ಲಿ ತುಂಬಿದ್ದ ಮಾಟೆ ಎಲೆಪುಡಿಯ ಮೇಲೆ ಎರಡು ಚಮಚ ಸಕ್ಕರೆ ಸುರಿದಳು. ಬೇಕೋ ಬೇಡವೋ ಎಂದು ಕೇಳಲಿಲ್ಲ. ಬಿಸಿನೀರು ಹೊಯ್ದು, ಹೀರುಗೊಳವೆಯ ತುದಿಯನ್ನು ಅವನ ಕಡೆಗೆ ತಿರುಗಿಸಿ, "ಹಿಡಿಯೋ ಸಣಕಲ" ಎಂದು ಎಲ್ವಿಯೊನ ಕೈಗಿತ್ತಳು.

ಎಲ್ವಿಯೊ ಸಣಕಲನಾಗಿದ್ದ ಕಾಲ ಎಂದೋ ಹೋಗಿತ್ತು. ಒಲಾವರ್ರಿಯಾದ ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತನಾಗಿ, ಬೆಲ್ಟಿನ ಮೇಲೆ ಹೊಟ್ಟೆ ಕೂರಿಸಿಕೊಂಡು, ಯೂನಿಯನ್ನಿನ ಹೋಟೆಲಿನಲ್ಲಿ ಅಗ್ಗದ ಕೋಣೆ ಸಿಕ್ಕಿತೆಂದು ಹೆಂಡತಿ ಇರ್ಮಾಳನ್ನು ಹಿಮಬೆಟ್ಟಗಳ ಊರಾದ ಬಾರಿಲೋಚೆಗೆ ಕರೆತಂದಿದ್ದ. ಕಡ್ಡಾಯ ಸೈನ್ಯಸೇವೆಯ ವರ್ಷವನ್ನು ಅವನು ಕಳೆದದ್ದು ಇದೇ ಊರಿನಲ್ಲಿ. ಭಾನುವಾರ ಬಿಡುವು ಸಿಕ್ಕರೆ ಯಾರದೋ ಮನೆಗೆ ಸೌದೆ ಒಡೆಯಲು ಹೋಗುತ್ತಿದ್ದನಂತೆ. ಸೌದೆಯ ಸಂಗತಿ ಇರ್ಮಾಳಿಗೆ ಗೊತ್ತಿತ್ತು. ಆ ಮನೆಯಲ್ಲಿ ಮಗಳೊಬ್ಬಳಿದ್ದಳು ಎನ್ನುವುದು ಗೊತ್ತಾದದ್ದು ಈ ಬೆಳಗ್ಗೆ, ಈ ಜಾಮ್ ಅಂಗಡಿಯ ಬಾಗಿಲಲ್ಲಿ, ಗ್ರಿಸೆಲ್ದಾ ಓಡಿಬಂದು ಅವನ ಕುತ್ತಿಗೆಗೆ ಜೋತುಬಿದ್ದಾಗ.

ಮದುವೆಯಾದ ಲಾಗಾಯ್ತು ದಿನಾ ಬೆಳಗ್ಗೆ ಅವನಿಗೆ ಮಾಟೆ ಮಾಡಿಕೊಡುತ್ತಿದ್ದವಳು ಇರ್ಮಾ. ಕಹಿ ಮಾಟೆ. ಸಕ್ಕರೆ ಡಬ್ಬಿ ಆ ಮೇಜಿನ ಹತ್ತಿರವೂ ಸುಳಿದದ್ದಿಲ್ಲ. ಅವನು ಎರಡು ಸಲ ಬುರುಡೆ ಖಾಲಿ ಮಾಡಿ "ಥ್ಯಾಂಕ್ಸ್" ಎನ್ನುತ್ತಿದ್ದ. ಮಾಟೆ ಕುಡಿಯುವಾಗ ಥ್ಯಾಂಕ್ಸ್ ಎಂದರೆ 'ಸಾಕು, ಇನ್ನು ಕೊಡಬೇಡ' ಎಂದರ್ಥ. ಅವನಿಗೆ ಸೇರುವುದೇ ಅಷ್ಟು ಎಂದು ಅವಳು ನಂಬಿದ್ದಳು. ಈಗ ಅದೇ ಗಂಡಸು ಕೊಳವೆ ಗೊರಗೊರ ಎನ್ನುವ ತನಕ ಹೀರಿ, ಥ್ಯಾಂಕ್ಸ್ ಎನ್ನದೆ ಬುರುಡೆಯನ್ನು ಮತ್ತೆ ಚಾಚಿದ. ಎರಡಾಯಿತು, ಮೂರಾಯಿತು. ನಾಲ್ಕನೆಯದಕ್ಕೂ ಕೈ ಚಾಚಿದಾಗ ಇರ್ಮಾಳ ಹೊಟ್ಟೆಗೆ ಬೆಂಕಿ ಬಿತ್ತು.

"ನಿಮಗೂ ಸಿಹಿನೇ ಹಾಕ್ಲಾ?" ಗ್ರಿಸೆಲ್ದಾ ಕೇಳಿದಳು.

"ಬೇಡ. ನಮ್ಮನೇಲಿ ಯಾರೂ ಸಿಹಿ ಕುಡಿಯಲ್ಲ."

"ಮತ್ತೆ ಇವ್ನು?" ಗ್ರಿಸೆಲ್ದಾ ನಕ್ಕಳು. "ಇವ್ನು ಬಂದ ಅಂದ್ರೆ ನಮ್ಮಮ್ಮ ಸಕ್ಕರೆ ಡಬ್ಬಿ ಬಚ್ಚಿಡ್ತಿದ್ಲು."

ಎಲ್ವಿಯೊ ಕಾಡುಗುಲಾಬಿ ಜಾಮಿನ ಸೀಸೆಗಳನ್ನು ಜೀವನದಲ್ಲೇ ಕಾಣದವನಂತೆ ನೋಡುತ್ತ ಕುಳಿತ.

ಮಧ್ಯಾಹ್ನ ಬಸ್ಸು ಹಿಡಿದು ಗುಟಿಯೆರೆಸ್ ಸರೋವರಕ್ಕೆ ಹೋದರು. ದಾರಿಯುದ್ದಕ್ಕೂ ಇರ್ಮಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇಳಿದ ಮೇಲೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಳ್ಳುವಾಗ ಕೌಂಟರಿನ ಮೇಲಿದ್ದ ಸಕ್ಕರೆ ಪೊಟ್ಟಣಗಳನ್ನು ಒಂದು ಹಿಡಿ ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡಳು. ಯಾತಕ್ಕೆಂದು ಅವಳಿಗೇ ತಿಳಿಯದು.

ದಡದಲ್ಲಿ ಗಾಳಿ ಜೋರಾಗಿತ್ತು. ಒಂದೇ ಬಣ್ಣದ ಜಾಕೆಟ್ ತೊಟ್ಟ ಶಾಲೆಯ ಮಕ್ಕಳು ನೀರಿಗೆ ಕಾಲಿಟ್ಟು, ಚಳಿಗೆ ಕಿರುಚಿ ಹಿಂದಕ್ಕೆ ಓಡುತ್ತಿದ್ದರು.

"ಆ ಬೆಟ್ಟದ ಮೇಲಿನ ಹಿಮ ನೋಡೆ," ಎಂದ ಎಲ್ವಿಯೊ.

"ನೋಡ್ದೆ."

"ಏನಾಯ್ತು ನಿಂಗೆ?"

"ನಂಗೇನಾಗತ್ತೆ. ಸಣಕಲ ಅಂತೆ. ಯಾವ ಕಣ್ಣಲ್ಲಿ ನೋಡಿದ್ಲೋ."

"ಹಳೇ ಹೆಸರು ಕಣೆ ಅದು."

"ಸಿಹಿ ಬೇಕು ಅಂತ ಒಂದಿನ ಬಾಯಿಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಮುದುಕ?"

ಅವನು ಬೂಟಿನ ತುದಿಯಿಂದ ಕಲ್ಲು ಕೆದಕಿದ. "ಹೆಣ್ಣು ಕೇಳೋಕೆ ಅಂತ ನಿಮ್ಮನೆಗೆ ಬಂದಿದ್ನಲ್ಲ, ಅವತ್ತು ನಿಮ್ಮಪ್ಪ ಕಹಿ ಮಾಡಿ ಕೈಗೆ ಕೊಟ್ಟ. ಸಿಹಿ ಕುಡಿಯೋ ಗಂಡಸಿಗೆ ನಮ್ಮನೆ ನಾಯೀನೂ ಕೊಡಲ್ಲ ಅಂದ. ನಂಗೆ ಕಹಿನೇ ಇಷ್ಟ ಅಂದ್ಬಿಟ್ಟೆ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?"

"ಅಪ್ಪ ಸತ್ತು ಎಷ್ಟೋ ಕಾಲ ಆಯ್ತು."

"ಅಷ್ಟೊತ್ತಿಗೆ ನೀನು ದಿನಾ ಅಷ್ಟು ಮುತುವರ್ಜಿಯಿಂದ ಮಾಡ್ತಿದ್ದೆ."

ಈ ಮಾತಿಗೆ ಬೇರೆ ಯಾವ ಹೆಂಗಸಾದರೂ ಕರಗುತ್ತಿದ್ದಳೇನೋ. ಇರ್ಮಾಳ ಉರಿ ಇನ್ನಷ್ಟು ಹೆಚ್ಚಿತು. ತನ್ನನ್ನು ಪಡೆಯಲು ಕಹಿ ನುಂಗಿದನಂತೆ, ಆಯಿತು. ಆದರೆ ಇಷ್ಟು ವರ್ಷ ತಾನು ಕೊಟ್ಟದ್ದನ್ನೆಲ್ಲ ಔಷಧಿಯಂತೆ ಕುಡಿದನಲ್ಲ. ಇವನ ನಾಲಿಗೆ ಏನು ಕೇಳುತ್ತದೆಂದು ಬಲ್ಲವಳು ಆ ಜಾಮಿನವಳು. ಮಗ್ಗುಲಲ್ಲೇ ಮಲಗಿ ಮುದುಕಿಯಾದ ತನಗೆ ಗೊತ್ತಿಲ್ಲ. ಅವಳ ಕೂದಲು ಹಿಡಿದು ಈ ತಣ್ಣೀರಲ್ಲಿ ಅದ್ದಿ ತೆಗೆಯಬೇಕು ಎನ್ನಿಸಿತು.

ಅವಳು ಬುರುಡೆ ತೆಗೆದು ಎಲೆಪುಡಿ ತುಂಬಿದಳು. ನೀರು ಹೊಯ್ದಳು. ಎಡಗೈ ಜೇಬಿನೊಳಗೆ ಪೊಟ್ಟಣಗಳನ್ನು ಬಿಗಿಯಾಗಿ ಹಿಡಿದಿತ್ತು, ಹೊರಗೆ ಬರಲಿಲ್ಲ. ಕಹಿಯನ್ನೇ ಅವನ ಕೈಗೆ ಕೊಟ್ಟಳು.

ಎಲ್ವಿಯೊ ಹೀರಿ ಬುರುಡೆ ಹಿಂದಿರುಗಿಸಿದ. ಎರಡನೆಯದನ್ನೂ ಕುಡಿದ. ಈಗ ಥ್ಯಾಂಕ್ಸ್ ಹೇಳುತ್ತಾನೆ ಎಂದು ಅವಳು ಅವನ ಬಾಯನ್ನೇ ನೋಡಿದಳು. ಅವನು ಸುಮ್ಮನೆ ಬುರುಡೆ ಚಾಚಿದ. ಮೂರನೆಯದಕ್ಕೂ ಹೇಳಲಿಲ್ಲ, ನಾಲ್ಕನೆಯದಕ್ಕೂ ಇಲ್ಲ. ಐದನೆಯದು ಕುಡಿಯುವಾಗ ಅವನ ಮುಖ ಹಿಂಡಿದಂತಾಗಿತ್ತು. ಮಕ್ಕಳನ್ನು ತುಂಬಿಕೊಂಡ ಬಸ್ಸು ಹೊರಟುಹೋಯಿತು. ಫ್ಲಾಸ್ಕಿನ ನೀರು ತಣ್ಣಗಾಗುತ್ತ ಬಂತು.

"ಸಪ್ಪೆಯಾಗಿದೆ. ಚೆಲ್ಲಿಬಿಡ್ಲಾ?" ಎಂದಳು ಇರ್ಮಾ.

"ಬೇಡ. ಇನ್ನೊಂದು ಹುಯ್ಯಿ."

ಅವಳು ಫ್ಲಾಸ್ಕನ್ನು ಪೂರ್ತಿ ಬಗ್ಗಿಸಿ ಕೊನೆಯ ಹನಿಯವರೆಗೂ ಬುರುಡೆಗೆ ಹೊಯ್ದಳು. ಜೇಬಿನಲ್ಲಿ ಅಂಗೈಯ ಬೆವರಿಗೆ ಪೊಟ್ಟಣವೊಂದು ಒಡೆದು, ಸಕ್ಕರೆ ಬೆರಳುಗಳಿಗೆ ಅಂಟಿಕೊಳ್ಳುತ್ತಿತ್ತು.