ಏಳನೆಯ ಕುಳಿ

ಹೈದರಾಬಾದಿನಿಂದ ಬೀದರಿನವರೆಗೆ ಮಿನಿ ಗಾಲ್ಫಿನಲ್ಲಿ ನನ್ನನ್ನು ಸೋಲಿಸುವವನು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾನೆ. ಹೀಗೆ ಹೇಳಿಕೊಂಡೇ ನಾನು ಸುರಪುರ ರಸ್ತೆಯಲ್ಲಿ ಶ್ರೀಮಂತ ಎಂಬವನ ಧಾಬಾಕ್ಕೆ ಕೋಚ್ ಆಗಿ ಸೇರಿದೆ. ಧಾಬಾದ ಹಿಂದೆ ಅವನು ಹಸಿರು ಕಾರ್ಪೆಟ್ಟು ಹಾಸಿ, ಅಲ್ಲಲ್ಲಿ ಉಬ್ಬುತಗ್ಗು ಮಾಡಿಸಿ, ಒಂಬತ್ತು ಕುಳಿ ತೋಡಿಸಿದ್ದ. ಕೋಲಿನಿಂದ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸಬೇಕು. ಆಟ ಅಷ್ಟೇ.

ಆದರೆ ನಮ್ಮ ಜನ! ಗುಂಡನೆಯ ಕುಳಿ, ಅದರೊಳಗೊಂದು ಪ್ಲಾಸ್ಟಿಕ್ ಬಟ್ಟಲು ಕಂಡಮೇಲೆ ಅದು ಪೀಕದಾನಿಯಲ್ಲದೆ ಅವರಿಗೆ ಮತ್ತೇನು? ಗುಟ್ಕಾ ಜಗಿಯುವವರೆಲ್ಲ ಬಾಗಿ, ಗುರಿಯಿಟ್ಟು, ಉಗುಳುವವರೇ. ಸಂಜೆಯ ಹೊತ್ತಿಗೆ ಕೂಡಿದ ಕೆಂಪು ರಸದಲ್ಲಿ ಎಮ್ಮೆ ಮುಳುಗೀತು. ಮೇಲೆ ನೊರೆ, ತೇಲುವ ಅಡಿಕೆ ಚೂರು, ಅದರ ಮೇಲೆ ನೊಣ. ಆ ನಾತಕ್ಕೆ ತಿಂಥಣಿ ಹೊಳೆಯ ಮೊಸಳೆಗಳು ಆಚೆ ದಂಡೆ ಸೇರಿದವು.

ಕುಳಿ ತೊಳೆಯುವವಳು ಕಕ್ಕೇರಾದ ದುರಗಮ್ಮ. ಒಂದು ಸಂಜೆ ಅವಳು ನನ್ನ ಮುಂದೆ ಬಕೀಟು ಕುಕ್ಕಿದಳು.

“ಕೋಚ್ ಸಾಹೇಬ್ರ, ಮಂದಿ ಉಗುಳಿನಾಗ ಕೈ ಹಾಕಿ ಹಾಕಿ ನನಗ ರೊಟ್ಟಿ ಸೇರವಲ್ದು. ಇನ್ನ ನೀವ ತೊಳೀರಿ.”

“ಏ ಯವ್ವಾ, ಈ ಕೈ ಇರೋದು ಕೋಲು ಹಿಡೀಲಾಕ!”

“ಹಂಗಾರ ಹಿಡೀರಿ. ಏಳನೇ ಕುಣಿ, ಒಬ್ಬೊಬ್ರಿಗೆ ಒಂದ ಹೊಡ್ತ. ಸೋತವ್ರು ಇವತ್ತಿಂದ ತೊಳೀಬೇಕು.”

ನಗುತ್ತಲೇ ಒಪ್ಪಿದೆ. ಕಾಲುಗಳನ್ನು ಭುಜದಷ್ಟು ಅಗಲಿಸಿ ನಿಂತೆ. ಕಣ್ಣು ನೆಟ್ಟಗೆ ಚೆಂಡಿನ ಮೇಲೆ. ಮಣಿಕಟ್ಟು ಮಿಸುಕಬಾರದು, ಗಡಿಯಾರದ ಲೋಲಕದಂತೆ ಭುಜ ಮಾತ್ರ ತೂಗಬೇಕು. ನಾನು ತೂಗಿದ ಚೆಂದಕ್ಕೆ ಗಾಳಿಯೂ ನಿಂತು ನೋಡಿತು. ಚೆಂಡು ನೇರ ಹೋಗಿ, ಇನ್ನೇನು ಬಿತ್ತು ಅನ್ನುವಾಗ ಎಡಕ್ಕೆ ಜಾರಿ, ಗೇಣು ದೂರದಲ್ಲಿ ನಿಂತಿತು. ಭೂಕಂಪವೇ ಆಗಿರಬೇಕು.

ದುರಗಮ್ಮ ಕುಳಿಯನ್ನು ಬಿಟ್ಟು ಮೊಳದಷ್ಟು ಬಲಕ್ಕೆ ಗುರಿ ಹಿಡಿದಳು.

“ಕಣ್ಣು ಕಾಣ್ತಾವಿಲ್ಲೋ? ಕುಣಿ ಇತ್ಲಾಗ ಅದ!”

“ದಿನಾ ಇಲ್ಲಿ ನೀರು ಹೊಯ್ಯಾಕಿ ನಾನ್ರಿ. ನೀರು ಎತ್ಲಾಗ ಹರೀತದ ನನಗ ಗೊತ್ತದ.”

ಕಸ ಸರಿಸುವಂತೆ ಸಣ್ಣಗೆ ತಳ್ಳಿದಳು. ಚೆಂಡು ಬಲಕ್ಕೆ ಹೋಯಿತು, ಮೆಲ್ಲಗೆ ಎಡಕ್ಕೆ ಹೊರಳಿತು, ಕುಳಿಗೆ ಬಿತ್ತು. ಪಚಕ್!

“ಇದು ನಡೆಯಂಗಿಲ್ಲ! ಕಾರ್ಪೆಟ್ಟು ಅಲುಗ್ಯಾದ!” ಎಂದು ಕೂಗಾಡಿದೆ. ಅವಳು ಶ್ರೀಮಂತನನ್ನೇ ಕರೆದಳು. “ಸಾವ್ಕಾರ, ನೀವ ನೋಡ್ರಿ. ಚೆಂಡು ಒಳಗದನೋ ಇಲ್ಲೋ?”

ಶ್ರೀಮಂತ ಬಂದ. ಬಗ್ಗಿ ನೋಡಿದ. ನ್ಯಾಯ ಹೇಳಬೇಕು, ಬಾಯಿ ತುಂಬಿದೆ. ತಡೆ ಎಂದು ಬೆರಳೆತ್ತಿದ. ಆಮೇಲೆ ಕುತ್ತಿಗೆ ಚಾಚಿ, ಬಾಯೊಳಗಿದ್ದುದಷ್ಟನ್ನೂ ಅದೇ ಕುಳಿಗೆ, ಚೆಂಡಿನ ನೆತ್ತಿಯ ಮೇಲೇ ಸುರಿದ. ತುಟಿ ಒರೆಸಿಕೊಂಡ.

“ದುರಗವ್ವ ಗೆದ್ದಾಳ. ಚೆಂಡು ತಗೀರಿ, ಕೋಚ್ ಸಾಹೇಬ್ರ.”

ಕೈ ಹಾಕಿದೆ. ಬೆಚ್ಚಗಿತ್ತು.