ಪಕ್ಕದ ಸೀಟು, ಕೆಂಪು ಬ್ರೇಕು

ಆ ಬೆಟ್ಟದೂರಿನ ಕ್ಷೌರದಂಗಡಿಗಳಿಗೆಲ್ಲ ಸೋಮವಾರ ರಜೆ. ಆ ಒಂದು ದಿನಕ್ಕಾಗಿ ತಮೋತ್ಸು ವಾರವಿಡೀ ಕಾಯುತ್ತಿದ್ದ. ಮಿಕ್ಕ ಆರು ದಿನ ಅವನೂ ಹೆಂಡತಿ ಚಿಯೋಳೂ ಒಂದೇ ಅಂಗಡಿಯಲ್ಲಿ ದುಡಿದರೂ ಒಬ್ಬರನ್ನೊಬ್ಬರು ನೋಡುತ್ತಿದ್ದುದು ಕನ್ನಡಿಯಲ್ಲಿ, ಆಡುತ್ತಿದ್ದ ಮಾತೆಲ್ಲ ಗಿರಾಕಿಗಳ ಜೊತೆ. ಸೋಮವಾರ ಬೆಳಿಗ್ಗೆ ಮಾತ್ರ ತಮ್ಮ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಘಾಟಿ ಹತ್ತಿ, ಕಣಿವೆ ತುಂಬ ಮಲಗಿದ ಮೋಡಗಳನ್ನು ನೋಡುತ್ತ ಅನ್ನದ ಉಂಡೆ ತಿಂದು, ನಿಧಾನವಾಗಿ ಇಳಿದು ಬರುತ್ತಿದ್ದರು. ಅವರ ಸಂಸಾರದ ಮಾತುಕತೆಯೆಲ್ಲ ನಡೆಯುತ್ತಿದ್ದುದು ಆ ಇಳಿಜಾರಿನಲ್ಲೇ.

ಈಗ ಮೂರು ಸೋಮವಾರಗಳಿಂದ ಕಾರು ಶೆಡ್ಡು ಬಿಟ್ಟು ಕದಲಿರಲಿಲ್ಲ.

ಆದದ್ದಿಷ್ಟು. ಇಳಿಯುವಾಗ ಅರ್ಧ ದಾರಿಯಲ್ಲಿ ಬ್ರೇಕ್ ಪೆಡಲ್ಲು ತೋಫುವಿನೊಳಗೆ ಕಾಲಿಟ್ಟ ಹಾಗೆ ಮೆತ್ತಗೆ ತಳ ಸೇರಿಬಿಟ್ಟಿತು. ತಮೋತ್ಸು ಹ್ಯಾಂಡ್‌ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಚಿಯೋ ಕಾರಿನಿಂದ ಇಳಿದಳು, ಲಂಗದ ಧೂಳು ಕೊಡವಿದಳು, ಉಳಿದ ದಾರಿಯನ್ನು ನಡೆದೇ ಮುಗಿಸಿದಳು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಅಂದಿನಿಂದ ಸೋಮವಾರ ಬಂದರೆ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗುತ್ತಿದ್ದಳು.

ಅರ್ಧ ಗಂಟೆ ಕಳೆದ ಮೇಲೆ ಪೆಡಲ್ಲು ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗಿತ್ತು. ಹಾಗಾಗಿ ತಮೋತ್ಸು ತನ್ನಷ್ಟಕ್ಕೇ ತೀರ್ಮಾನಿಸಿದ: ಬ್ರೇಕು ಚಿಕ್ಕದು, ದೊಡ್ಡದು ಬೇಕು. ಆಮೇಲೆ ಅವನಿಗೆ ಎಚ್ಚರದಲ್ಲೂ ಅದೇ ಕನಸು. ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತ ನಿಂತಲ್ಲೇ, ಬಿಳಿ ಮೋಡದ ನಡುವೆ ಕೆಂಪು ಬ್ರೇಕುಗಳು ಮಿನುಗುವುದನ್ನು ಕಾಣುತ್ತಿದ್ದ. ಚಿಯೋ ಅದನ್ನು ನೋಡಿ ನಕ್ಕು ಬಾಗಿಲು ತೆಗೆದು ಕೂರುವುದನ್ನೂ ಕಾಣುತ್ತಿದ್ದ. ಕೊನೆಗೆ ಫೋನಿನಲ್ಲಿ ಚಿತ್ರ ನೋಡಿಯೇ ಯಾವುದೋ ಭಾರಿ ಕಾರಿನಿಂದ ಬಿಚ್ಚಿದ ಮುಂಚಕ್ರಗಳ ಬ್ರೇಕ್ ಸೆಟ್ಟನ್ನು ತರಿಸಿಕೊಂಡ. ಎರಡು ಅಗಲವಾದ ಡಿಸ್ಕು, ಅವನ್ನು ಕಚ್ಚಿ ಹಿಡಿಯುವ ಎರಡು ಕೆಂಪು ಕ್ಯಾಲಿಪರು. ಅವನ್ನು ಅಂಗಡಿಯ ಮೂರನೇ ಕುರ್ಚಿಯ ಮೇಲಿಟ್ಟು ಬಿಸಿ ಟವೆಲಿನಿಂದ ಒರೆಸತೊಡಗಿದ.

“ಏನ್ರೀ, ಇವ್ರಿಗೆ ಕಟಿಂಗೋ, ಶೇವಿಂಗೋ?” ಎಂದಳು ಚಿಯೋ.

“ಇದನ್ನ ಹಾಕಿಸಿದ್ಮೇಲೆ ನೀನು ಕೂರ್ತೀಯಲ್ಲ?”

ಅವಳು ಕತ್ತರಿಗಳನ್ನು ತೊಳೆಯಲು ಹೋದಳು.

ಮರು ಸೋಮವಾರ ತಮೋತ್ಸು ಬ್ರೇಕುಗಳ ಪೆಟ್ಟಿಗೆ ಹೊತ್ತು, ಘಾಟಿಯ ಬುಡದಲ್ಲಿದ್ದ ಇಸೋಬೆಯ ಗ್ಯಾರೇಜಿಗೆ ಹೋದ. ಇಸೋಬೆಗೆ ಅರವತ್ತು ದಾಟಿತ್ತು. ಗಂಡನ ಕಾಲದಿಂದಲೂ ಅಲ್ಲಿ ಬ್ರೇಕಿನ ಕೆಲಸವೆಂದರೆ ಆಕೆಯದೇ. ಆಕೆಯ ಬಾಯಿಗೆ ಮಾತ್ರ ಬ್ರೇಕಿರಲಿಲ್ಲ.

“ಕಾರೆಲ್ಲಿ, ತಮೋತ್ಸು ಸಾನ್?” ಹೆಸರಿಗೆ ಗೌರವದ ‘ಸಾನ್’ ಸೇರಿಸಿಯೇ ಕೇಳಿದಳು.

“ಮನೇಲಿದೆ. ಈ ಬ್ರೇಕು ಕೂರಿಸ್ಬೇಕು.”

“ಹೊಟ್ಟೆನೋವು ಅಂತ ಬಂದವನಿಗೆ ನೀವು ತಲೆಗೆ ಬಣ್ಣ ಹಚ್ಚಿ ಕಳಿಸ್ತೀರಾ? ರೋಗಿನ ತೋರಿಸದೆ ಔಷಧಿ ತಂದಿದೀರಲ್ಲ!”

ಆಕೆಯೇ ಲಾರಿ ಕಳಿಸಿ ಕಾರು ತರಿಸಿದಳು. ಆಮೇಲೆ ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಆ ದೊಡ್ಡ ಕ್ಯಾಲಿಪರಿನ ಆಕಾರ ಬರೆದು ಅವನ ಕೈಗೆ ಕೊಟ್ಟಳು. “ಕತ್ತರಿ ಆಡ್ಸೋದು ನಿಮ್ಮ ಕಸುಬು. ಕತ್ತರಿಸಿ.”

ಅವನು ಗೆರೆ ತಪ್ಪದೆ ಕತ್ತರಿಸಿಕೊಟ್ಟ. ಇಸೋಬೆ ಚಕ್ರ ಬಿಚ್ಚಿ ಅದರೊಳಗೆ ರಟ್ಟನ್ನಿಟ್ಟು ತಿರುಗಿಸಿದಳು. ರಟ್ಟು ಕಡ್ಡಿಗಳಿಗೆ ತಗಲಿ ಮಡಚಿಕೊಂಡಿತು.

“ನೋಡಿ, ಮೂರು ಮಿಲಿಮೀಟರಾದ್ರೂ ಸಂದು ಇರ್ಬೇಕಿತ್ತು. ಕೊಳ್ಳೋಕೆ ಮುಂಚೆ ಈ ರಟ್ಟು ಇಟ್ಟು ನೋಡೋದು ಹತ್ತು ನಿಮಿಷದ ಕೆಲಸ.”

“ಚಕ್ರಾನೂ ದೊಡ್ಡದು ಹಾಕಿಸ್ತೀನಿ.”

“ಹಾಕಿಸ್ರಪ್ಪ. ಆದ್ರೆ ಮುಂದಿನ ಬ್ರೇಕು ಮಾತ್ರ ರಾಕ್ಷಸನ ಥರ ಹಿಡಿದ್ರೆ, ಹಿಂದಿನದು ಸೋಮಾರಿ ಆಗುತ್ತೆ. ಮುಂದಿನ ಚಕ್ರ ಬೇಗ ಜಾರುತ್ತೆ, ಕಾರು ಇನ್ನೂ ದೂರ ಹೋಗಿ ನಿಲ್ಲುತ್ತೆ. ಬ್ರೇಕು ನಿಲ್ಲಿಸೋದು ಚಕ್ರಾನ. ಕಾರನ್ನ ನಿಲ್ಲಿಸೋದು ಟೈರು. ನಿಮ್ಮ ಟೈರು ನೋಡಿದೀರಾ? ನೀವು ಬೋಳಿಸಿದ ತಲೆ ಥರ ಇದೆ.”

“ಹಾಗಾದ್ರೆ ದೊಡ್ಡ ಬ್ರೇಕು ದಂಡಾನಾ?”

“ದಂಡ ಅಂತ ನಾನಂದ್ನಾ? ರೇಸ್ ಮೈದಾನದಲ್ಲಿ ಸುತ್ತಿನ ಮೇಲೆ ಸುತ್ತು ಓಡ್ಸೋರಿಗೆ ಬೇಕು. ದೊಡ್ಡ ಡಿಸ್ಕು ಬಿಸಿನ ಜಾಸ್ತಿ ತಡ್ಕೊಳ್ಳುತ್ತೆ. ಆದ್ರೆ ಅದನ್ನ ನಿಮ್ಮ ಕಾರಿಗೇ ಅಂತ ಲೆಕ್ಕ ಹಾಕಿ ಮಾಡಿರ್ಬೇಕು, ಹಿಂದಿನ ಬ್ರೇಕಿಗೆ ಹೊಂದಬೇಕು, ಸರ್ಕಾರದ ವಾಹನ ತಪಾಸಣೆಗೆ ಬೇಕಾದ ಕಾಗದ ಜೊತೆಗಿರ್ಬೇಕು. ನೀವು ಓಡ್ಸೋದೆಲ್ಲಿ?”

“ಘಾಟಿ ಮೇಲೆ. ಸೋಮವಾರ. ಚಿಯೋ ಜೊತೆ.”

ಇಸೋಬೆ ಹಳೆಯ ಬ್ರೇಕ್ ಆಯಿಲ್ಲನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದಳು. ಅದು ಸೋಯಾ ಸಾಸಿನಷ್ಟು ಕಪ್ಪಗಿತ್ತು.

“ಎಷ್ಟು ವರ್ಷದ್ದು ಇದು?”

ತಮೋತ್ಸು ಯೋಚಿಸಿದ. ವಾರವಾರ ಕಾರಿನ ಮೈ ಉಜ್ಜಿದ್ದ, ಬ್ರೇಕ್ ಆಯಿಲಿನ ಮುಚ್ಚಳವನ್ನು ಮಾತ್ರ ತೆರೆದೇ ಇರಲಿಲ್ಲ. “ಆರು ಇರ್ಬೇಕು.”

“ಇದು ಗಾಳಿಯಿಂದ ನೀರು ಕುಡಿಯುತ್ತೆ, ತಮೋತ್ಸು ಸಾನ್. ಇಳಿಜಾರಲ್ಲಿ ಬ್ರೇಕು ಕಾದಾಗ ಆ ನೀರು ಕುದಿದು ಗುಳ್ಳೆ ಏಳುತ್ತೆ. ಅವತ್ತು ನೀವು ತುಳಿದಿದ್ದು ಗುಳ್ಳೇನ. ಇದನ್ನ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಅದ್ಸರಿ, ಇಳೀವಾಗ ಯಾವ ಗೇರಲ್ಲಿದ್ರಿ?”

“ಮೇಲಿನ ಗೇರಲ್ಲೇ. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟು.”

“ಅಯ್ಯೋ ನಿಮ್ಮ! ಕೆಳಗಿನ ಗೇರಲ್ಲಿದ್ರೆ ಇಂಜಿನ್ನೇ ಕಾರನ್ನ ಹಿಡಿದಿಡುತ್ತೆ, ಬ್ರೇಕು ಅಷ್ಟು ಕಾಯಲ್ಲ. ಯಾಕ್ರೀ ಹಾಕ್ಲಿಲ್ಲ?”

ಅವನ ಕಿವಿ ಕೆಂಪಾಯಿತು. “ಕೆಳಗಿನ ಗೇರಿಗೆ ಹಾಕಿದ್ರೆ ಇಂಜಿನ್ ಕೂಗುತ್ತೆ. ಅವಳ ಮಾತು ಕೇಳ್ಸಲ್ಲ.”

ಬಾಗಿಲ ಬಳಿ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಚಿಯೋ ನಿಂತಿದ್ದಳು. ಲಾರಿಯ ಮೇಲೆ ಕಾರು ಹೋಗುವುದನ್ನು ಬಸ್ಸಿನಿಂದ ಕಂಡು, ಗಾಬರಿಯಾಗಿ ಇಳಿದು ಬಂದಿದ್ದಳು. ಇಷ್ಟು ದಿನ ಅವಳು ಹೆದರಿದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ತನ್ನ ಜೀವಕ್ಕಿಂತ ಇವನಿಗೆ ಕಾರಿನ ಥಳುಕೇ ಮುಖ್ಯ ಎಂದು ನೊಂದಿದ್ದಳು.

ಕೆಂಪು ಬ್ರೇಕುಗಳು ಬಂದ ಪೆಟ್ಟಿಗೆಗೇ ಮರಳಿದವು. ಇಸೋಬೆ ಚರಂಡಿಗಿಳಿದಿದ್ದ ಚಕ್ರವನ್ನು ಪರೀಕ್ಷಿಸಿ, ಆಯಿಲ್ ಬದಲಿಸಿ, ಡಿಸ್ಕನ್ನು ಒತ್ತಿ ಹಿಡಿಯುವ, ಬಿಸಿ ತಡೆಯುವ ಹೊಸ ಬ್ರೇಕ್ ಪ್ಯಾಡು, ಹೊಸ ಟೈರು ಹಾಕಿದಳು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ ಹತ್ತಾರು ಸಲ ಮೆಲ್ಲಗೆ ನಿಲ್ಲಿಸಿ, ಹೊರಡಿಸಿ ತಂದಳು. ಆಮೇಲೆ ಚಿಯೋಳನ್ನು ಕರೆದು ಚಾಲಕನ ಸೀಟಿನಲ್ಲಿ ಕೂರಿಸಿದಳು.

“ನೀವೇ ತುಳಿದು ನೋಡಿ, ಚಿಯೋ ಸಾನ್.”

ಚಿಯೋ ತುಳಿದಳು. ಇನ್ನೊಮ್ಮೆ, ಎರಡೂ ಕಾಲಲ್ಲಿ, ಹಲ್ಲು ಕಚ್ಚಿ ತುಳಿದಳು. ಪೆಡಲ್ಲು ಅರ್ಧದಲ್ಲೇ ಕಲ್ಲಿನಂತೆ ನಿಂತಿತು.

ಮುಂದಿನ ಸೋಮವಾರ ಕಣಿವೆ ತುಂಬ ಮತ್ತೆ ಮೋಡ. ಚಿಯೋ ತಾನಾಗಿ ಬಾಗಿಲು ತೆಗೆದು ಕೂತಳು. ಇಳಿಜಾರು ಶುರುವಾದಾಗ ತಮೋತ್ಸುವಿನ ಕೈ ಗೇರಿನ ಮೇಲೆ ಅನುಮಾನಿಸಿತು.

“ಇಳಿಸ್ರೀ ಗೇರು,” ಎಂದಳು ಚಿಯೋ. “ಕೂಗಿದ್ರೆ ಕೂಗ್ಲಿ. ನಾನು ಇನ್ನೂ ಜೋರಾಗಿ ಮಾತಾಡ್ತೀನಿ.”

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ದೊಡ್ಡ ಬ್ರೇಕಿನ ಕನಸು ಕಾಣಿ, ತಪ್ಪೇನಿಲ್ಲ. ಆದರೆ ಕೊಳ್ಳುವ ಮುನ್ನ ಆ ಬ್ರೇಕ್ ಆಯಿಲ್ ಮುಚ್ಚಳವೊಂದನ್ನು ತೆರೆದು ನೋಡಿ, ಟೈರಿನ ಮೇಲೆ ಕೈಯಾಡಿಸಿ. ಎಲ್ಲಿ ಓಡಿಸುತ್ತೀರೆಂದು ನಿಮ್ಮ ಮೆಕ್ಯಾನಿಕ್‌ಗೆ ಬಿಚ್ಚಿ ಹೇಳಿ, ಚಕ್ರಕ್ಕೆ ರಟ್ಟಿಟ್ಟು ಅಳೆಯಿರಿ, ಹಿಂದೆಮುಂದೆ ಹೊಂದುವುದನ್ನೇ ಆರಿಸಿ, ಬಲ್ಲವರ ಕೈಯಲ್ಲೇ ಕೂರಿಸಿಕೊಳ್ಳಿ. ಪಕ್ಕದ ಸೀಟಿನಲ್ಲಿ ಕೂರುವವರು ಬ್ರೇಕಿನ ಬಣ್ಣ ನೋಡಿ ಕೂರುವುದಿಲ್ಲ, ನಿಮ್ಮನ್ನು ನಂಬಿ ಕೂರುತ್ತಾರೆ.