ಬರುವಾಗ ತನ್ನಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಮೊದಲು ಸದ್ದು ಮಾಡಿದ್ದು ಸತ್ತವನ ಫೋನು.

ಅವಳು ಹಾಲು ಕಾಯಿಸುತ್ತಿದ್ದಳು. ಅಂತ್ಯಕ್ರಿಯೆ ಮುಗಿದಿತ್ತು, ಅಳುತ್ತ ಬಂದವರಿಗೆ ಇವಳೇ ನೀರು ಕೊಟ್ಟು ಸಮಾಧಾನ ಹೇಳಿದ್ದೂ ಮುಗಿದಿತ್ತು. ಇವತ್ತು ಬರೀ ಬೆಳಗಾಗಿತ್ತು. ಹಾಲು ಉಕ್ಕಿದರೆ ಒರೆಸಬೇಕು, ಕಸದ ಗಾಡಿ ಬಂದರೆ ಕಸ ಕೊಡಬೇಕು. ಅತ್ತೆ ಮೇಜಿನ ಹತ್ತಿರ ಕೂತು ಹಳೇ ಪೇಪರನ್ನು ಹೊಸದೆಂಬಂತೆ ಓದುತ್ತಿದ್ದರು.

ಗಂಡನ ಫೋನನ್ನು ಅವಳು ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಈಗ ಅದರಲ್ಲೊಂದು ಮೆಸೇಜು: "ಎರಡನೇ ಸ್ಕ್ಯಾನರ್ ನಿಮ್ಮ ಹೆಸರಿನಲ್ಲಿದೆ. ಮರೆತಿರಬಹುದು, ಎಲ್ಲರಿಗೂ ಆಗುತ್ತೆ. ಬರುವಾಗ ತನ್ನಿ."

ಬರುವಾಗ! ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಅಳುವೂ ಇಲ್ಲದೆ, ಕೋಪವೂ ಇಲ್ಲದೆ ಮರಗಟ್ಟಿ ಹೋಗಿದ್ದವಳಿಗೆ ಉರಿದದ್ದೂ ಒಂದು ಆಶ್ಚರ್ಯವೇ.

"ಯಾರಮ್ಮಾ ಅದು?"

"ಗೋದಾಮಿನವರು ಅತ್ತೆ. ಸ್ಕ್ಯಾನರ್ ಬೇಕಂತೆ."

"ಅಷ್ಟು ಅವಸರಾನಾ? ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ."

ಸ್ಕ್ಯಾನರ್ ಫ್ರಿಜ್ಜಿನ ಮೇಲಿತ್ತು. ಹಿಡಿಗೆ ಅವನೇ ಸುತ್ತಿದ ನೀಲಿ ಟೇಪು. ಅವನು ಕೆಲಸ ಮಾಡುತ್ತಿದ್ದದ್ದು ಔಷಧಿಯ ಸಗಟು ಗೋದಾಮಿನಲ್ಲಿ. ಮಿರಮಿರ ಮಿಂಚುವ ಮಾತ್ರೆ ಪಟ್ಟಿಗಳ ಮೇಲಿನ ಗೆರೆಗಳನ್ನು ಇದು ಓದಲು ಸತಾಯಿಸುತ್ತದೆಂದು, ಸರಿ ಮಾಡಲು ಮನೆಗೆ ತಂದಿದ್ದ. ಟೀ ಪುಡಿ, ಸೋಪು, ಬಿಸ್ಕತ್ತು ಎಲ್ಲಕ್ಕೂ ಹಿಡಿದು ನೋಡಿ, ಕೊನೆಗೆ ಅವಳ ಹಣೆಗೂ ಹಿಡಿದಿದ್ದ. "ಈ ಸರಕು ನಮ್ಮ ದಾಸ್ತಾನಿನಲ್ಲಿಲ್ಲ ಅಂತಿದೆ ಕಣೇ."

"ನಿನಗಿಂತ ಅದಕ್ಕೇ ಬುದ್ಧಿ ಇದೆ ಬಿಡು," ಎಂದಿದ್ದಳು.

ಆಮೇಲೊಂದು ಬೆಳಿಗ್ಗೆ ಹೊರಟವನು ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಸ್ಕ್ಯಾನರ್ ಇಲ್ಲೇ ಉಳಿಯಿತು.

ಅದನ್ನು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಅವನ ಬಟ್ಟೆಬರೆ ಸುಮ್ಮನೆ ಬಿದ್ದಿದ್ದವು. ಆದರೆ ಇದೊಂದು ಮಾತ್ರ ಇನ್ನೂ ಅವನ ಹೆಸರಿನಲ್ಲಿ, ಅವನು ತರುತ್ತಾನೆಂಬ ಲೆಕ್ಕದಲ್ಲಿತ್ತು. ಕೊಟ್ಟುಬಿಟ್ಟರೆ ಅವನ ದಾರಿ ಕಾಯುವಂಥದ್ದು ಏನೂ ಉಳಿಯುವುದಿಲ್ಲ. ಆದರೂ ಅವರು ಕೇಳಿದ ಮೇಲೆ ಇಟ್ಟುಕೊಳ್ಳಲು ಸ್ವಾಭಿಮಾನ ಒಪ್ಪಲಿಲ್ಲ. ಮುಖಕ್ಕೆ ಹೊಡೆದಂತೆ ಕೊಟ್ಟು ಬರುತ್ತೇನೆಂದು ಚೀಲಕ್ಕೆ ಹಾಕಿಕೊಂಡು ಹೊರಟಳು.

ಗೋದಾಮು ಎಂದಿನಂತೆ ನಡೆದಿತ್ತು. ಯಾವ ಔಷಧಿ ಎಲ್ಲಿದೆ, ಯಾವುದರ ಅವಧಿ ಮುಗಿಯುತ್ತಿದೆ, ಯಾವ ಆಸ್ಪತ್ರೆಗೆ ಏನು ಹೋಗಬೇಕು, ಎಲ್ಲ ಗೋಡೆಯ ಪರದೆಯ ಮೇಲೆ ಸರಿಯುತ್ತಿತ್ತು. ಆ ವ್ಯವಸ್ಥೆ ಕಟ್ಟಿದವನು ಅವನೇ. ಮುಂಚೆ ಇದೆಲ್ಲ ಒಬ್ಬ ಉಗ್ರಾಣಿಯ ತಲೆಯಲ್ಲಿತ್ತಂತೆ. ಆತ ಹುಷಾರು ತಪ್ಪಿದರೆ ಗೋದಾಮೇ ಮಲಗುತ್ತಿತ್ತಂತೆ. "ಒಬ್ಬರ ತಲೇಲಿರೋದು ಎಲ್ಲರ ಕಣ್ಣಿಗೆ ಕಾಣಬೇಕು, ಆಗ ಆ ಒಬ್ಬರಿಗೆ ರಜೆ ಸಿಗುತ್ತೆ," ಎನ್ನುತ್ತಿದ್ದ.

ರವಾನೆ ವಿಭಾಗದ ಮೇಲ್ವಿಚಾರಕಿ ಎದ್ದು ಬಂದರು. ಅಲ್ಲಿ ಎಲ್ಲರಿಗೂ ಅವರು ದೊಡ್ಡಕ್ಕ.

"ತಂಗೀ, ನೀನ್ಯಾಕೆ ಬರೋಕೆ ಹೋದೆ?"

"ನೀವೇ ಕರೆದ್ರಲ್ಲ," ಎಂದು ಗಂಡನ ಫೋನನ್ನು ಮುಂದೆ ಹಿಡಿದಳು.

ದೊಡ್ಡಕ್ಕ ಓದಿದರು. ಮುಖ ಕೆಂಪಾಯಿತು. "ಗಡಿಬಿಡೀ! ಬಾರೋ ಇಲ್ಲಿ!"

ಪ್ಯಾಕಿಂಗ್ ಮೇಜಿನಿಂದ ಒಬ್ಬ ಮಧ್ಯವಯಸ್ಕ ಟೇಪಿನ ಉರುಳೆ ಬೀಳಿಸಿಕೊಂಡು ಓಡಿಬಂದ. ಅಡ್ಡಹೆಸರು ಯಾಕೆ ಬಂತೆಂದು ಹೇಳಬೇಕಾಗಿರಲಿಲ್ಲ.

"ನಿನ್ನೆ ಸರದಿ ಯಾರದು?"

"ನಂದೇ ಅಕ್ಕ. ಒಂದು ದಿನ ಮುಂದಕ್ಕೆ ಹಾಕಿದೀನಲ್ಲ."

"ಏನನ್ನ ಹಾಕಿದೀಯ, ನೋಡು."

ಅವನು ಪರದೆ ನೋಡಿ ನಾಲಗೆ ಕಚ್ಚಿಕೊಂಡ. "ಅಯ್ಯೋ. ಏಣಿ."

"ಏಣಿ! ಗೋಡೆಗೊರಗಿ ಇಲ್ಲೇ ನಿಂತಿರೋ ಏಣೀನ ಇನ್ನೊಂದು ದಿನ ಇಟ್ಕೊಳ್ಳಿ ಅಂತ ಯಾವ ಮಹಾರಾಯನಿಗೆ ಹೇಳಿದೆಯೋ?"

ಆಮೇಲೆ ದೊಡ್ಡಕ್ಕನೇ ಬಿಡಿಸಿ ಹೇಳಿದರು. ಒಯ್ದ ಸಾಮಾನು ಸಂಜೆಯೊಳಗೆ ಬರದಿದ್ದರೆ ಮರುದಿನ ಬೆಳಿಗ್ಗೆ ಮೆಸೇಜು ತಾನಾಗಿಯೇ ಹೋಗುತ್ತದೆ. ಬೇರೆ ಯಾರಾದರೂ ಗುಂಡಿ ಒತ್ತಿ ಒಂದು ದಿನ ಮುಂದೂಡಬಹುದು, ಆದರೆ ಒಬ್ಬರೇ ಎರಡು ದಿನ ಒತ್ತುವಂತಿಲ್ಲ. ಅವನು ಹೋದಾಗಿನಿಂದ, ಆ ಮೆಸೇಜು ಆ ಮನೆಗೆ ಹೋಗಬಾರದೆಂದು, ಎಲ್ಲರೂ ಸರದಿಯಲ್ಲಿ ಒತ್ತುತ್ತಿದ್ದರು. ಡ್ರೈವರುಗಳು, ಕಾವಲಿನವರು, ಗುಡಿಸುವಾಕೆ ಕೂಡ.

"ಅವನ ಹೆಸರನ್ನೇ ತೆಗೀಬಹುದಿತ್ತಲ್ಲ?"

"ತೆಗೀಬಹುದಿತ್ತು. ಕೈ ಏಳಲಿಲ್ಲ."

ಗಡಿಬಿಡಿ ನೆಲ ನೋಡುತ್ತ ನಿಂತಿದ್ದ. "ತಪ್ಪಾಯ್ತು ಅತ್ತಿಗೆ. ಮೊದಲಿನ ಮೆಸೇಜಾಗಿದ್ರೆ ಇನ್ನೂ ಕೆಟ್ಟದಾಗಿ ಬೈತಿತ್ತು. 'ತಕ್ಷಣ ಒಪ್ಪಿಸತಕ್ಕದ್ದು' ಅಂತ. ಹೆದರಿ ನಾವೆಲ್ಲ ಸಾಮಾನು ಬಚ್ಚಿಡ್ತಿದ್ವಿ. ಅಣ್ಣನೇ ಕೂತು ಬದಲಾಯಿಸಿದ್ದು."

ಅವಳು ಮೆಸೇಜನ್ನು ಇನ್ನೊಮ್ಮೆ ಓದಿದಳು. ಮರೆತಿರಬಹುದು, ಎಲ್ಲರಿಗೂ ಆಗುತ್ತೆ. ಹೌದು, ತಾನು ಹಾಲು ಉಕ್ಕಿಸಿದಾಗಲೆಲ್ಲ ಅವನು ಹೇಳುತ್ತಿದ್ದದ್ದು ಇದನ್ನೇ. ಬೆಳಿಗ್ಗೆ ಹೇಗೆ ಗುರುತು ಸಿಗಲಿಲ್ಲ?

ಆಗ ಅವಳ ಕಣ್ಣು ಮೇಜುಗಳ ಕಡೆ ಹೋಯಿತು. ಇದ್ದೊಂದು ಸ್ಕ್ಯಾನರ್ ಈ ಮೇಜಿನಿಂದ ಆ ಮೇಜಿಗೆ ಕೈ ಬದಲಾಗುತ್ತಿತ್ತು. ಪೆಟ್ಟಿಗೆಗಳು ಎದೆಯೆತ್ತರ ಪೇರಿಸಿದ್ದವು. ಹೊರಗೆ ಆಸ್ಪತ್ರೆಗಳಿಗೆ ಹೋಗುವ ವ್ಯಾನುಗಳು ಕಾದಿದ್ದವು.

"ಇಷ್ಟು ದಿನ ಒಂದರಲ್ಲೇ ಮಾಡಿದ್ರಾ?"

"ಸ್ವಲ್ಪ ಬೇಗ ಬಂದು, ಸ್ವಲ್ಪ ತಡವಾಗಿ ಹೋದ್ರೆ ಆಯ್ತು," ಎಂದರು ದೊಡ್ಡಕ್ಕ. "ನಿನಗೆ ಯಾವಾಗ ಆಗುತ್ತೋ ಆಗ ಕೊಡು. ಇವತ್ತಿನ ಸರದಿ ನಂದು. ಏಣಿಗೆ ಒತ್ತಲ್ಲ, ಹೆದರಬೇಡ."

ಅವಳಿಗೆ ನಗು ಬಂತು. ನಗುವಿನ ಜೊತೆಗೆ, ಹೇಳದೆ ಕೇಳದೆ, ಇಷ್ಟು ದಿನ ಬಾರದ ಕಣ್ಣೀರೂ ಬಂತು. ಮುಖಕ್ಕೆ ಹೊಡೆಯಲೆಂದು ತಂದದ್ದನ್ನು ಚೀಲದಿಂದ ಮೆಲ್ಲಗೆ ತೆಗೆದಳು.

"ಬರುವಾಗ ತನ್ನಿ ಅಂತ ಬರೆದಿದ್ದಾನಲ್ಲ ಅಕ್ಕ. ತಂದಿದ್ದೀನಿ. ಸಾಕು, ನೀವೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ."

ಗಡಿಬಿಡಿ ಪರದೆಯ ಮುಂದೆ ಕೂತ. ಈ ಸಲ ಒಂದೊಂದೇ ಅಕ್ಷರ ನೋಡಿ ಒತ್ತಿದ. "ತಂದುಕೊಟ್ಟವರು ಯಾರು ಅಂತ ಕೇಳ್ತಿದೆ. ಏನು ಬರೀಲಿ ಅತ್ತಿಗೆ?"

"ಮನೆಯವರು ಅಂತ ಬರಿ."

ಎಲ್ಲರ ಕಣ್ಣೆದುರೇ ಗಂಡನ ಹೆಸರು ಪರದೆಯಿಂದ ಸರಿದುಹೋಯಿತು. ಆಮೇಲೆ ದೊಡ್ಡಕ್ಕ, ಏನಾದರೂ ಮಾಡಬೇಕಲ್ಲ ಎಂಬಂತೆ, ಮಿಂಚುವ ಮಾತ್ರೆ ಪಟ್ಟಿಯೊಂದನ್ನು ಅವಳ ಮುಂದೆ ಹಿಡಿದರು. ಅವಳು ಸ್ಕ್ಯಾನರ್ ಒತ್ತಿದಳು. ಒಂದೇ ಸಲಕ್ಕೆ ಬೀಪ್ ಎಂದಿತು.

"ನೋಡ್ದೇನೋ," ಎಂದರು ದೊಡ್ಡಕ್ಕ, ಗಡಿಬಿಡಿಗೆ. "ಸರಿ ಮಾಡೇ ಇಟ್ಟಿದ್ದಾನೆ."

ಅವಳು ನೀಲಿ ಟೇಪಿನ ಹಿಡಿಯನ್ನು ಗಡಿಬಿಡಿಯ ಕಡೆಗೆ ತಿರುಗಿಸಿ ಸ್ಕ್ಯಾನರ್ ಕೊಟ್ಟಳು.